ಐನೂರು ರೂಪಾಯಿ ದಂಡದ ಪದ

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಮೂರು ವರ್ಷ ಕಾಲ 'ಸೊಲ್ಯೂಷನ್ ಆರ್ಕಿಟೆಕ್ಟ್' ಎಂದು ಅಚ್ಚಾಗಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಆಗುವುದಕ್ಕೆ ಮುಂಚಿನ ಮಾತು. ಓಎಂಆರ್ ರಸ್ತೆಯ ಎರಡೂ ಬದಿಯ ಗಾಜಿನ ಕಟ್ಟಡಗಳಲ್ಲಿ ಕಲ್ಲು ಹೊಡೆದರೆ ಒಬ್ಬ ಆರ್ಕಿಟೆಕ್ಟ್‌ಗೆ ತಗಲುತ್ತದೆ. ಡೇಟಾ ಆರ್ಕಿಟೆಕ್ಟ್, ಕ್ಲೌಡ್ ಆರ್ಕಿಟೆಕ್ಟ್, ಎಂಟರ್‌ಪ್ರೈಸ್ ಆರ್ಕಿಟೆಕ್ಟ್. ಹಾಗಾಗಿ ಆ ಪದದ ಬಗ್ಗೆ ನಾನು ಯೋಚಿಸಿದ್ದೇ ಇಲ್ಲ. ಒಂದು ಭಾನುವಾರ ಪಶ್ಚಿಮ ಮಾಂಬಲದಲ್ಲಿದ್ದ ನನ್ನ ಸೋದರಮಾವನ ಮನೆಗೆ ಹೋದಾಗ, ಹೊಸ ಕಾರ್ಡನ್ನು ಹೆಮ್ಮೆಯಿಂದಲೇ ಅವರ ಕೈಗಿಟ್ಟೆ. ಕನ್ನಡಕ ಹಣೆಗೇರಿಸಿ ಓದಿದರು. ಒಂದು ಕ್ಷಣ ಸುಮ್ಮನಿದ್ದು, ಹೊಟ್ಟೆ ಕುಲುಕಿ ನಗುವುದಕ್ಕೆ ಶುರುಮಾಡಿದರು.

"ನೀನೂ ಆರ್ಕಿಟೆಕ್ಟಾ? ಐನೂರು ರೂಪಾಯಿ ಎತ್ತಿಟ್ಟುಕೋ ಕಣಯ್ಯಾ. ದಂಡ ಕಟ್ಟಬೇಕು. ಎರಡನೇ ಸಲ ಸಿಕ್ಕಿಬಿದ್ರೆ ಜೈಲು."

ತಮಾಷೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಮೊತ್ತ ಕೂಡ ಸರಿಯಾಗಿಯೇ ಇತ್ತು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ 37ನೇ ಕಲಮು ಹೇಳುವುದು ಇಷ್ಟು: ಸರ್ಕಾರಿ ರಿಜಿಸ್ಟರಿನಲ್ಲಿ ಹೆಸರಿಲ್ಲದವರು 'ಆರ್ಕಿಟೆಕ್ಟ್' ಎಂಬ ಬಿರುದನ್ನು ಬಳಸಕೂಡದು, ಬಳಸಿದರೆ ಮೊದಲ ಸಲ ಐನೂರು ರೂಪಾಯಿವರೆಗೆ ದಂಡ, ಮತ್ತೆ ಬಳಸಿದರೆ ಆರು ತಿಂಗಳವರೆಗೆ ಸೆರೆಮನೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಬ್ಬರಿಗೆ ಮಾತ್ರ ವಿನಾಯಿತಿ ಇದೆ. ಒಬ್ಬ ಗಿಡಮರ, ಬಯಲುಗಳನ್ನು ವಿನ್ಯಾಸ ಮಾಡುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಇನ್ನೊಬ್ಬ ಹಡಗು ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್. ನಿರ್ದಿಷ್ಟ ಯೋಜನೆಗೆ ಕೇಂದ್ರ ಸರ್ಕಾರದ ಅನುಮತಿ ಪಡೆದು ಬರುವ ವಿದೇಶಿಯರಿಗೂ ದಾರಿ ಬಿಟ್ಟಿದ್ದಾರೆ. ಹಡಗಿನವರನ್ನು ನೆನಪಿಟ್ಟುಕೊಂಡ ಕಾಯ್ದೆಗೆ ಕಂಪ್ಯೂಟರಿನವರು ಹೊಳೆಯಲಿಲ್ಲ. ಐಬಿಎಂನ ಆಮ್ಡಾಲ್, ಬ್ಲಾವ್, ಬ್ರೂಕ್ಸ್ ಸೇರಿ ಸಿಸ್ಟಮ್/360 ಯಂತ್ರದ 'ಆರ್ಕಿಟೆಕ್ಚರ್' ಬಗ್ಗೆ ಪ್ರಬಂಧ ಬರೆದದ್ದು 1964ರಲ್ಲಿ. ನಮ್ಮ ಕಾಯ್ದೆಗಿಂತ ಎಂಟು ವರ್ಷ ಮೊದಲು. ಆದರೆ ಆ ಸುದ್ದಿ ದೆಹಲಿಯ ಕರಡು ಬರೆಯುವವರನ್ನು ತಲುಪುವ ಸಂಭವ ಕಡಿಮೆ.

ನಮ್ಮಂಥ ಸಾಫ್ಟ್‌ವೇರ್ ಜನರ ಮೇಲೆ ಯಾರೂ ಪೊಲೀಸರನ್ನು ಬಿಡುವುದಿಲ್ಲ, ಅದು ಬೇರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾವನ ನಗು. ಕುಲುಕಿ ಕುಲುಕಿ ನಕ್ಕವರ ಕಣ್ಣಲ್ಲಿ ನಗು ಇರಲಿಲ್ಲ. ಒಂದು ಪದಕ್ಕೆ ಐನೂರು ರೂಪಾಯಿ ಬೆಲೆ ಎಂಬುದು ಅವರಿಗೆ ನಲವತ್ತು ವರ್ಷದಿಂದ ಬಾಯಿಪಾಠವಾಗಿದ್ದು ಯಾಕೆ ಎಂದು ಹುಡುಕುತ್ತ ಹೋದೆ. ಈ ಬರಹ ಆ ಹುಡುಕಾಟದ್ದು.

*

ನಾವಿರುವ ಈ ಊರಿನಿಂದಲೇ ಶುರುಮಾಡೋಣ. ಚೆನ್ನೈನಲ್ಲಿ ಈಗಲೂ ನಾವು ತಲೆಯೆತ್ತಿ ನೋಡುವ ಕಟ್ಟಡಗಳು ಎದ್ದಾಗ ಯಾರು ಆರ್ಕಿಟೆಕ್ಟ್, ಯಾರಲ್ಲ ಎಂದು ಕೇಳುವ ಕಾನೂನೇ ಇರಲಿಲ್ಲ. ಕಡಲತೀರದಲ್ಲಿರುವ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಟ್ಟಿಸಿದ ರಾಬರ್ಟ್ ಚಿಸಂ 1860ರ ದಶಕದಲ್ಲಿ ಒಂದು ವಿನ್ಯಾಸ ಸ್ಪರ್ಧೆ ಗೆದ್ದು ಮದರಾಸಿಗೆ ಬಂದವನು. ಮದರಾಸು ಸರ್ಕಾರಕ್ಕೆ 'ಕನ್ಸಲ್ಟಿಂಗ್ ಆರ್ಕಿಟೆಕ್ಟ್' ಆದ. ಅವನ ನಂತರದ ದೊಡ್ಡ ಹೆಸರು ಹೆನ್ರಿ ಇರ್ವಿನ್. ಸಿಮ್ಲಾದಲ್ಲಿ ಲೋಕೋಪಯೋಗಿ ಇಲಾಖೆಯ ಕೆಲಸ ಮಾಡಿ, ವೈಸರಾಯ್ ಬಂಗಲೆ ಕಟ್ಟಿಸಿ ಇಲ್ಲಿಗೆ ಬಂದವನು. 1892ರ ಹೈಕೋರ್ಟು ಕಟ್ಟಡಕ್ಕೆ ಕೊನೆಯ ರೂಪ ಕೊಟ್ಟವನು ಅವನೇ. ನಮ್ಮವರಿಗೆ ಇನ್ನೂ ಹತ್ತಿರದ ಗುರುತು ಹೇಳಬೇಕೆಂದರೆ, 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಮದುವೆಯ ಸಂದರ್ಭದಲ್ಲಿ ಸುಟ್ಟುಹೋದ ಮೇಲೆ ಈಗಿನ ಅರಮನೆಯ ನಕ್ಷೆ ಬರೆದವನೂ ಈ ಇರ್ವಿನ್ನನೇ. ದಸರಾ ದೀಪಾಲಂಕಾರದ ಫೋಟೊ ವಾಟ್ಸಾಪಿನಲ್ಲಿ ಬಂದಾಗಲೆಲ್ಲ ನನಗೆ ಎಗ್ಮೋರ್ ಸ್ಟೇಷನ್ ನೆನಪಾಗುತ್ತದೆ. ಎರಡಕ್ಕೂ ಒಂದೇ ಕೈ. 1908ರಲ್ಲಿ ಶುರುವಾದ ಎಗ್ಮೋರ್ ಸ್ಟೇಷನ್ನಿನ ಗುತ್ತಿಗೆ ಹಿಡಿದು ಕಟ್ಟಿದ ಸಾಮಿನಾಥ ಪಿಳ್ಳೆ ಬೆಂಗಳೂರಿನವರು. ಮದರಾಸಿನವನು ಮೈಸೂರಿಗೆ, ಬೆಂಗಳೂರಿನವರು ಮದರಾಸಿಗೆ. ನಮ್ಮ ವಲಸೆ ನಿನ್ನೆ ಮೊನ್ನೆಯದಲ್ಲ.

ಇರ್ವಿನ್ನನ ಹೈಕೋರ್ಟನ್ನೂ, ಕನ್ನಿಮಾರಾ ಗ್ರಂಥಾಲಯವನ್ನೂ, ಈಗಿನ ನ್ಯಾಷನಲ್ ಆರ್ಟ್ ಗ್ಯಾಲರಿಯನ್ನೂ ನಿಜವಾಗಿ ಎಬ್ಬಿಸಿ ನಿಲ್ಲಿಸಿದವರು ಕಂಟ್ರಾಕ್ಟರ್ ನಂಬೆರುಮಾಳ್ ಚೆಟ್ಟಿ. ಗಣಿತಜ್ಞ ರಾಮಾನುಜನ್ ಕೊನೆಯುಸಿರೆಳೆದದ್ದು ಚೆಟ್‌ಪೇಟ್‌ನಲ್ಲಿ ಇವರ ಮನೆಯೊಂದರಲ್ಲಿ. ಕೆಂಪು ಇಟ್ಟಿಗೆಯ ಆ ಕಮಾನುಗಳ ಲೆಕ್ಕ ಚೆಟ್ಟಿಯವರಿಗೂ ಅವರ ಮೇಸ್ತ್ರಿಗಳಿಗೂ ಗೊತ್ತಿಲ್ಲದೆ ನಿಂತಿರಲು ಸಾಧ್ಯವಿಲ್ಲ. ಆದರೆ ಕಾಗದದಲ್ಲಿ ಆರ್ಕಿಟೆಕ್ಟ್ ಎಂದಿರುವುದು ಒಬ್ಬನ ಹೆಸರು ಮಾತ್ರ.

ಬಿರುದು ಎಂಬ ವಸ್ತು ನಮ್ಮಲ್ಲಿ ಹೊಸದೇನೂ ಅಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಎಂಬಾತನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಿಕ್ಕಿದ್ದು ಅಲ್ಲಿನ ಕನ್ನಡ ಶಾಸನದಲ್ಲೇ ಇದೆ. ಎಂಟನೆಯ ಶತಮಾನದ ಮಾತು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಅದೇ ವಿಕ್ರಮಾದಿತ್ಯನ ಕನ್ನಡ ಶಾಸನ ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲಿದೆ. ಚೆನ್ನೈನಿಂದ ಎರಡು ಗಂಟೆಯ ದಾರಿ, ವಾರಾಂತ್ಯದಲ್ಲಿ ಇಸಿಆರ್ ಬಿಟ್ಟು ಒಮ್ಮೆ ಆ ಕಡೆ ಹೋಗಿ ಬನ್ನಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಅವರ ಬಿರುದನ್ನು ಕಾಯ್ದದ್ದು ಅವರು ಮಾಡಿದ ಕೆಲಸವೇ. ಕಲ್ಲಿನ ಕೆಳಗೇ ಸಹಿ ಇರುತ್ತಿತ್ತು.

ಪದವನ್ನೇ ಕಾನೂನಿನಿಂದ ಕಾಯುವ ಯೋಚನೆ ಬಂದದ್ದು ಇಂಗ್ಲೆಂಡಿನ ಕಡೆಯಿಂದ. ಅಲ್ಲಿಯೂ ಅದು ಸಲೀಸಾಗಿ ಆಗಲಿಲ್ಲ. ನೋಂದಣಿ ಬೇಕು ಎಂದು ಒಂದು ಗುಂಪು ಕೇಳಿದಾಗ, ನಾರ್ಮನ್ ಶಾ, ಜ್ಯಾಕ್ಸನ್ ಮೊದಲಾದ ಹೆಸರಾಂತ ಆರ್ಕಿಟೆಕ್ಟರೇ ಸೇರಿ 1892ರಲ್ಲಿ ಇದು ವೃತ್ತಿಯೋ ಕಲೆಯೋ ಎಂದು ಕೇಳುವ ಪುಸ್ತಕ ಹೊರಡಿಸಿ ವಿರೋಧಿಸಿದರು. ಪರೀಕ್ಷೆ ಪಾಸು ಮಾಡಿದವನು ಒಳ್ಳೆಯ ಕಟ್ಟಡ ಕಟ್ಟುತ್ತಾನೆ ಎಂದು ಯಾರು ಹೇಳಿದ್ದು ಎಂಬುದು ಅವರ ವಾದದ ತಿರುಳು. ಜಗಳ ನಲವತ್ತು ವರ್ಷ ನಡೆದು, 1931ರಲ್ಲಿ ಅಲ್ಲಿ ರಿಜಿಸ್ಟರ್ ಬಂತು, 1938ರಲ್ಲಿ ಪದಕ್ಕೆ ಬೇಲಿ ಬಿತ್ತು. ಅಮೆರಿಕದಲ್ಲಿ ಇಲಿನಾಯ್ ರಾಜ್ಯ 1897ರಲ್ಲೇ ಲೈಸೆನ್ಸ್ ಕಾನೂನು ಮಾಡಿತ್ತು.

ನಮ್ಮಲ್ಲಿ ವೃತ್ತಿಗಳಿಗೆ ಬೇಲಿ ಹಾಕುವ ಕೆಲಸ ಸರದಿಯ ಮೇಲೆ ನಡೆದಿದೆ. ವೈದ್ಯರಿಗೆ ಮದರಾಸು ಪ್ರಾಂತ್ಯದಲ್ಲಿ 1914ರಲ್ಲೇ ನೋಂದಣಿ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948ರಲ್ಲಿ ದಂತವೈದ್ಯರಿಗೆ ಮತ್ತು ಔಷಧ ಅಂಗಡಿಯವರಿಗೆ, 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟರಿಗೆ, 1961ರಲ್ಲಿ ವಕೀಲರಿಗೆ. ಆರ್ಕಿಟೆಕ್ಟರ ಸಂಘ ಅಷ್ಟರಲ್ಲಿ ಹಳೆಯದಾಗಿತ್ತು; ಮುಂಬೈನಲ್ಲಿ 1917ರಲ್ಲಿ ವಿದ್ಯಾರ್ಥಿಗಳ ಕೂಟವಾಗಿ ಹುಟ್ಟಿದ್ದು 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆಯಿತು. ಇವರ ಸರದಿ ಬಂದದ್ದು ಕೊನೆಗೆ. 1972ರ ಮೇ 31ಕ್ಕೆ ರಾಷ್ಟ್ರಪತಿಗಳ ಅಂಕಿತ, ಸೆಪ್ಟೆಂಬರ್ 1ಕ್ಕೆ ಜಾರಿ. ಆಗ ಲೋಕಸಭೆಯಲ್ಲಿ ಆರ್ಕಿಟೆಕ್ಟ್ ಒಬ್ಬರು ಇದ್ದರು, ಸ್ವತಂತ್ರ ಪಕ್ಷದ ಪೀಲೂ ಮೋದಿ. ಚಂಡೀಗಢ ಕಟ್ಟುವಾಗ ಲ ಕಾರ್ಬ್ಯೂಸಿಯೆ ಜೊತೆ ಕೆಲಸ ಮಾಡಿದವರು. ಆ ಕಾರ್ಬ್ಯೂಸಿಯೆಗೆ ಆರ್ಕಿಟೆಕ್ಚರ್ ಪದವಿ ಇರಲಿಲ್ಲ ಎಂಬುದನ್ನು ಇಲ್ಲಿ ಸೇರಿಸದೇ ಇರಲಾರೆ.

*

ಈಗ ಮಾವನ ಕಥೆ. ಹಾಸನದ ಕಡೆಯವರು. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ 1961ರಲ್ಲಿ ಮದರಾಸಿಗೆ ಬಂದು, ಟ್ರಿಪ್ಲಿಕೇನಿನ ಮ್ಯಾನ್ಷನ್ ಒಂದರಲ್ಲಿ ಮೂವರ ಜೊತೆ ಕೋಣೆ ಹಿಡಿದು, ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಆಫೀಸಿನ ಹೆಸರು ಇಲ್ಲಿ ಬೇಡ.

ಆ ಮದರಾಸನ್ನು ಸ್ವಲ್ಪ ಊಹಿಸಿಕೊಳ್ಳಿ. ಮೌಂಟ್ ರಸ್ತೆಯ ಎಲ್‌ಐಸಿ ಕಟ್ಟಡ ಎದ್ದು ಎರಡು ವರ್ಷವಾಗಿತ್ತು. 177 ಅಡಿ, ದೇಶದಲ್ಲೇ ಅತಿ ಎತ್ತರದ ಕಟ್ಟಡ ಅನ್ನಿಸಿಕೊಂಡಿತ್ತು. ಹಳ್ಳಿಯಿಂದ ಬಂದವರು ಎದುರು ಫುಟ್‌ಪಾತಿನಲ್ಲಿ ನಿಂತು ಮಹಡಿ ಎಣಿಸುತ್ತಿದ್ದರು. ಬ್ರೌನ್ ಮತ್ತು ಮೌಲಿನ್ ಎಂಬ ಆಂಗ್ಲರು ಶುರುಮಾಡಿದ ಅದನ್ನು ಮುಗಿಸಿಕೊಟ್ಟವರು ಎಲ್. ಎಂ. ಚಿತಳೆ, 1932ರಿಂದ ಮದರಾಸಿನಲ್ಲಿ ಸ್ವಂತ ಆಫೀಸು ನಡೆಸಿದ, ಈ ಊರಿನ ಮೊದಮೊದಲ ಭಾರತೀಯ ಆರ್ಕಿಟೆಕ್ಟರಲ್ಲಿ ಒಬ್ಬರಾದ ಮರಾಠಿಗರು. ಮದರಾಸಿನಲ್ಲಿ ಆರ್ಕಿಟೆಕ್ಚರ್ ಓದು ಶುರುವಾದದ್ದೇ 1957ರಲ್ಲಿ. ಅದಕ್ಕೆ ಮೊದಲು ಪೂರ್ತಿ ಓದಬೇಕೆಂದರೆ ಮುಂಬೈನ ಜೆ.ಜೆ. ಸ್ಕೂಲಿಗೋ ವಿಲಾಯತಿಗೋ ಹೋಗಬೇಕು. ಹೀಗಾಗಿ ಪದವಿ ಇದ್ದವರು ಕೈಬೆರಳೆಣಿಕೆ. ಊರಿನಲ್ಲಿ ಏಳುತ್ತಿದ್ದ ಮನೆಗಳು ಸಾವಿರಾರು. ನಡುವಿನ ಜಾಗ ತುಂಬಿದವರು ಮಾವನಂಥವರು: ಡ್ರಾಫ್ಟ್ಸ್‌ಮನ್ನರು, ಓವರ್‌ಸಿಯರುಗಳು, ಡಿಪ್ಲೊಮಾ ಎಂಜಿನಿಯರುಗಳು.

ನಾಲ್ಕೈದು ವರ್ಷದಲ್ಲಿ ಮಾವ ಟ್ರೇಸಿಂಗ್ ಬಿಟ್ಟು ಪೂರ್ತಿ ಮನೆಗಳನ್ನೇ ವಿನ್ಯಾಸ ಮಾಡತೊಡಗಿದ್ದರು. ಕ್ಲೈಂಟ್ ಜೊತೆ ಮಾತು, ಸೈಟು ನೋಡುವುದು, ನಕ್ಷೆ, ಮೇಸ್ತ್ರಿಗೆ ವಿವರಿಸುವುದು ಎಲ್ಲ ಇವರದು. ಕೆಳಗಿನ ಸಹಿ ದಣಿಯದು. ಅದರಲ್ಲಿ ಅವರಿಗೆ ಬೇಸರವಿರಲಿಲ್ಲ, ಎಲ್ಲ ಆಫೀಸೂ ನಡೆಯುತ್ತಿದ್ದದ್ದು ಹಾಗೆಯೇ. (ನನ್ನ ಟೀಮಿನ ಹುಡುಗರು ಬರೆದ ಡಿಸೈನ್ ಡಾಕ್ಯುಮೆಂಟಿನ ಮೊದಲ ಪುಟದಲ್ಲಿ ಯಾರ ಹೆಸರಿರುತ್ತದೆ ಎಂದು ಕೇಳಬೇಡಿ.)

1971ರಲ್ಲಿ ಅವರು ಸ್ವಂತ ಬೋರ್ಡು ಹಾಕಿದರು. ಕೋಡಂಬಾಕ್ಕಂ ಹತ್ತಿರ ಒಂದು ಮಹಡಿ ಕೋಣೆ. ನೀಲಿ ತಗಡಿನ ಮೇಲೆ ಬಿಳಿ ಅಕ್ಷರ: 'ಆರ್ಕಿಟೆಕ್ಟ್ಸ್ ಅಂಡ್ ಎಂಜಿನಿಯರ್ಸ್'. ಆರ್ಕಿಟೆಕ್ಟ್ ಎಂದರೂ ಎಂಜಿನಿಯರ್ ಎಂದರೂ ಇದ್ದವರು ಅವರೊಬ್ಬರೇ. ಆಗ ಕನ್ನಡ ಸಿನಿಮಾ ಬಹುಪಾಲು ಇಲ್ಲಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿತ್ತು. ಸಿನಿಮಾದ ಕನ್ನಡಿಗರು, ಉಡುಪಿ ಹೋಟೆಲಿನವರು, ಸೆಂಟ್ರಲ್ ಗೌರ್ನಮೆಂಟಿನ ಗುಮಾಸ್ತರು, ಇವರೇ ಮಾವನ ಗಿರಾಕಿಗಳು. ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಅವರ ಮೀಟಿಂಗ್ ರೂಮು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಇದೆ, ಗಿಡ ನೋಡಬಹುದು, ಕಾಫಿ ಸಿಗುವುದಿಲ್ಲ. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರವಿರಬೇಕೆಂದು ಮನೆಯ ಹೆಂಗಸರನ್ನು ನಿಲ್ಲಿಸಿ ಅಳೆದು ಬರೆಯುತ್ತಿದ್ದರಂತೆ. ನನ್ನ ಅತ್ತೆ ಈಗಲೂ ಅದನ್ನು ಹೇಳಿ ನಗುತ್ತಾರೆ: "ಊರಿನವರ ಕಟ್ಟೆ ಎಲ್ಲಾ ಅಳದ್ರು, ನಮ್ಮನೇದು ಮಾತ್ರ ಬಾಡಿಗೆ ಕಟ್ಟೆ."

ಬೋರ್ಡಿಗೆ ಒಂದು ವರ್ಷ ತುಂಬುವಷ್ಟರಲ್ಲಿ ಕಾಯ್ದೆ ಬಂತು.

ಕಾಯ್ದೆ ಹಳಬರನ್ನು ಪೂರ್ತಿ ಕೈಬಿಟ್ಟಿರಲಿಲ್ಲ, ಇದನ್ನು ಹೇಳಲೇಬೇಕು. ಪದವಿ ಇಲ್ಲದಿದ್ದರೂ, ಸರ್ಕಾರ ಗೊತ್ತುಮಾಡುವ ದಿನಕ್ಕೆ ಮುಂಚೆ ಕನಿಷ್ಠ ಐದು ವರ್ಷ ಆರ್ಕಿಟೆಕ್ಟ್ ಆಗಿ ವೃತ್ತಿ ನಡೆಸಿದ ಭಾರತೀಯ ಪ್ರಜೆ ಮೊದಲ ರಿಜಿಸ್ಟರಿಗೆ ಸೇರಬಹುದಿತ್ತು. ಅರ್ಜಿಗಳನ್ನು ನೋಡಲು ಮೂವರು ಸದಸ್ಯರ ನ್ಯಾಯಮಂಡಳಿ. ಹಾಗೆ ಸೇರಿದವರು ಎಷ್ಟೋ ಮಂದಿ. ಮೊದಲ ರಿಜಿಸ್ಟರಿನವರ ನಂಬರ್ 'ಸಿಎ/75' ಎಂದು ಶುರುವಾಗುತ್ತದೆ. ಹಳೆಯ ಆರ್ಕಿಟೆಕ್ಟರು ಆ 75ನ್ನು ಹೇಳುವ ಧಾಟಿಯೇ ಬೇರೆ, ನಮ್ಮಲ್ಲಿ ಕಂಪನಿಯ ಮೊದಲ ನೂರು ಎಂಪ್ಲಾಯಿ ನಂಬರಿನವರು ಹೇಳಿಕೊಳ್ಳುವ ಹಾಗೆ.

ಮಾವನ ಸ್ವಂತ ವೃತ್ತಿಗೆ ಐದು ವರ್ಷ ತುಂಬಿರಲಿಲ್ಲ. ಹಿಂದಿನ ಹತ್ತು ವರ್ಷವನ್ನು ಸೇರಿಸಿಕೊಳ್ಳಬೇಕಾದರೆ ಹಳೆಯ ಆಫೀಸಿನಿಂದ ಪತ್ರ ಬೇಕು. ಹೋಗಿ ಕೇಳಿದರು. ಪತ್ರ ಕೊಟ್ಟರು, ಬಹಳ ಸೌಜನ್ಯದಿಂದಲೇ ಕೊಟ್ಟರು. 1961ರಿಂದ 1971ರವರೆಗೆ ಇವರು ನಮ್ಮಲ್ಲಿ ಡ್ರಾಫ್ಟ್ಸ್‌ಮನ್ ಮತ್ತು ಆಮೇಲೆ ಸೀನಿಯರ್ ಡ್ರಾಫ್ಟ್ಸ್‌ಮನ್ ಆಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು. ಆ ಪತ್ರ ನಾನು ನೋಡಿದ್ದೇನೆ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಸಂಬಳದ ಪುಸ್ತಕದಲ್ಲಿ ಅವರ ಹುದ್ದೆ ಅದೇ ಆಗಿತ್ತು.

"ಡ್ರಾಫ್ಟ್ಸ್‌ಮನ್ ಅಂತ ಬರೆದಿರೋ ಕಾಗದ ಹಿಡ್ಕೊಂಡು ಆರ್ಕಿಟೆಕ್ಟ್ ಮಾಡಿ ಅಂತ ಹೆಂಗೆ ಕೇಳೋದು?" ಎಂದರು ನನಗೆ. ಅರ್ಜಿಯನ್ನೇ ಹಾಕಲಿಲ್ಲ.

ಹಾಕಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ನ್ಯಾಯಮಂಡಳಿ ಒಪ್ಪುತ್ತಿತ್ತೋ ಬಿಡುತ್ತಿತ್ತೋ, ಕೇಳಿಯಾದರೂ ನೋಡಬಹುದಿತ್ತು. ಇನ್ನೊಂದು ದಾರಿಯೂ ಇತ್ತು: ಕೆಲಸ ಮಾಡುತ್ತಲೇ ಇನ್‌ಸ್ಟಿಟ್ಯೂಟಿನ ಪರೀಕ್ಷೆ ಕಟ್ಟಿ ಪಾಸಾಗುವುದು. ಅವರ ಟ್ರಿಪ್ಲಿಕೇನ್ ಕೋಣೆಯ ಗೆಳೆಯರೊಬ್ಬರು ಹಾಗೆಯೇ ರಾತ್ರಿ ಓದಿ ಆರ್ಕಿಟೆಕ್ಟ್ ಆದರು. ಮಾವನಿಗೆ ಆಗ ಎರಡು ಮಕ್ಕಳು, ಊರಲ್ಲಿ ತಂಗಿಯ ಮದುವೆ. ಆ ತಂಗಿ ಎಂದರೆ ನನ್ನ ಅಮ್ಮ. ಹಾಗಾಗಿ ಈ ವಿಷಯದಲ್ಲಿ ನಾನು ಬುದ್ಧಿ ಹೇಳುವ ಸ್ಥಾನದಲ್ಲಿಲ್ಲ.

ಬೋರ್ಡು ಬರೆಯುವವನನ್ನು ಕರೆಸಿ, 'ಆರ್ಕಿಟೆಕ್ಟ್ಸ್' ಎಂಬುದರ ಮೇಲೆ ನೀಲಿ ಬಣ್ಣ ಹೊಡೆಸಿ, 'ಬಿಲ್ಡಿಂಗ್ ಡಿಸೈನರ್ಸ್' ಎಂದು ಬರೆಸಿದರು.

*

ಈ ಕಾಯ್ದೆಯನ್ನು ನಾನು ಎರಡು ಮೂರು ಸಲ ಓದಿದೆ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿ ಓದಿ ಹಾಳಾದ ಕಣ್ಣಿಗೆ ಅದರಲ್ಲಿ ಕಂಡ ವಿಚಿತ್ರ ಒಂದಿದೆ. ವಕೀಲರ ಕಾಯ್ದೆ ಕೆಲಸವನ್ನೇ ಕಾಯುತ್ತದೆ: ನೋಂದಣಿ ಇಲ್ಲದವನು ಕೋರ್ಟಿನಲ್ಲಿ ವಕೀಲಿಕೆ ನಡೆಸುವಂತಿಲ್ಲ. ಆರ್ಕಿಟೆಕ್ಟರ ಕಾಯ್ದೆ ಹಾಗಲ್ಲ. ಮಸೂದೆಯ ಜೊತೆಗಿನ ಉದ್ದೇಶಗಳ ಹೇಳಿಕೆಯಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಇದು ಕಾಯುವುದು ಬಿರುದನ್ನು, ಕಟ್ಟಡ ವಿನ್ಯಾಸ ಮಾಡುವ, ಮೇಲ್ವಿಚಾರಣೆ ಮಾಡುವ ಹಕ್ಕನ್ನು ಆರ್ಕಿಟೆಕ್ಟರಿಗೆ ಮಾತ್ರ ಕೊಡುವುದಿಲ್ಲ, ಎಂಜಿನಿಯರುಗಳು ಮೊದಲಾದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳದೆ ತಮ್ಮ ಕೆಲಸ ನಡೆಸಿಕೊಳ್ಳಬಹುದು. ಈ ರಾಜಿಯ ಹಿಂದೆ ಯಾರಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಕಾಯ್ದೆಯಿಂದ ಹುಟ್ಟಿದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಎಂಜಿನಿಯರುಗಳ ಸಂಸ್ಥೆಗೆ ಎರಡು ಕುರ್ಚಿ, ಸರ್ವೇಯರುಗಳ ಸಂಸ್ಥೆಗೆ ಒಂದು ಕುರ್ಚಿ ಇಟ್ಟಿದ್ದಾರೆ.

ಹಾಗಾದರೆ ಮಾವನಿಗೆ ನಷ್ಟವಾದದ್ದೇನು? ಕೆಲಸ ನಿಲ್ಲಲಿಲ್ಲ. ಮದರಾಸು ಕಾರ್ಪೊರೇಷನ್ನಿನಲ್ಲಿ ಲೈಸೆನ್ಸ್ಡ್ ಸರ್ವೇಯರ್ ಎಂಬ ವ್ಯವಸ್ಥೆ ಮೊದಲಿಂದಲೂ ಇತ್ತು. ಆ ಲೈಸೆನ್ಸ್ ಮಾಡಿಸಿಕೊಂಡರು; ಅವರ ಸಹಿಗೆ ಮನೆಯ ಪ್ಲಾನು ಪಾಸಾಗುತ್ತಿತ್ತು. ಸಾಮಾನ್ಯ ಗಿರಾಕಿಗೆ ಬೋರ್ಡಿನ ಪದ ಬೇಕಿರಲಿಲ್ಲ, ಮಳೆಗಾಲದಲ್ಲಿ ಸೋರದ ತಾರಸಿ ಬೇಕಿತ್ತು. ಬಾಗಿಲು ಮುಚ್ಚಿದ್ದು ಬೇರೆ ಕಡೆ. ಸರ್ಕಾರಿ ಹುದ್ದೆಗೆ, ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳ ಆರ್ಕಿಟೆಕ್ಟ್ ಕೆಲಸಕ್ಕೆ ನೋಂದಾಯಿತರಿಗೇ ಆದ್ಯತೆ ಎಂದು ಕಾಯ್ದೆ ಹೇಳಿತು. ಬ್ಯಾಂಕು, ಕಾಲೇಜು, ಆಸ್ಪತ್ರೆಯಂಥ ಕಟ್ಟಡಗಳು ಅವರ ಕೈಗೆ ಬರಲೇ ಇಲ್ಲ. ಮೂವತ್ತೈದು ವರ್ಷ ಮನೆ, ಮನೆ, ಮನೆ. ನಡುವೆ ಒಂದು ಕಲ್ಯಾಣ ಮಂಟಪ. ಕೆಲವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು, ಯಾರೋ ನೋಂದಾಯಿತರ ಸೀಲು ಪಡೆದು ತಮ್ಮ ನಕ್ಷೆಗೆ ಹಾಕಿಸುವುದು. ಮಾವ ಅದಕ್ಕೆ ಒಪ್ಪಲಿಲ್ಲ. "ಹತ್ತು ವರ್ಷ ಇನ್ನೊಬ್ಬರ ಸಹಿ ಕೆಳಗೆ ಬರೆದಿದ್ದು ಸಾಕು" ಎನ್ನುತ್ತಿದ್ದರು.

ಇನ್ನು ಮಾಮಲ್ಲಪುರದ ಕಡೆ ನೋಡಿ. 1957ರಲ್ಲೇ ಅಲ್ಲಿ ಸರ್ಕಾರ ಶಿಲ್ಪ ಕಾಲೇಜು ತೆರೆಯಿತು. ಅಲ್ಲಿ ಪ್ರಾಂಶುಪಾಲರಾಗಿದ್ದ ಗಣಪತಿ ಸ್ಥಪತಿ ಮದರಾಸಿನ ವಳ್ಳುವರ್ ಕೋಟ್ಟಂ, ಕನ್ಯಾಕುಮಾರಿಯ 133 ಅಡಿಯ ತಿರುವಳ್ಳುವರ್ ಪ್ರತಿಮೆ ಎಲ್ಲ ಮಾಡಿದವರು. ಸ್ಥಪತಿ ಎಂಬ ಮಾತು ಇಡೀ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹಡಗಿನವರಿಗೆ ಸಿಕ್ಕ ಒಂದು ಸಾಲು ಗುಡಿ ಕಟ್ಟುವವರಿಗೆ ಸಿಗಲಿಲ್ಲ. ಕಲಾಕ್ಷೇತ್ರದ ನಾಟಕಮಂದಿರವನ್ನು ಕೇರಳದ ಕೂತ್ತಂಬಲದ ಮಾದರಿಯಲ್ಲಿ ವಿನ್ಯಾಸ ಮಾಡಿದ ಅಪ್ಪುಕುಟ್ಟನ್ ನಾಯರ್ ವೃತ್ತಿಯಿಂದ ಎಂಜಿನಿಯರ್. ಡಿಸೆಂಬರ್ ಸೀಸನ್ನಿನಲ್ಲಿ ಅಲ್ಲಿ ಕುಳಿತು ಕಛೇರಿ ಕೇಳಿದವರಿಗೆ ಆ ಕಟ್ಟಡದ ಗುಣ ಹೇಳಬೇಕಾಗಿಲ್ಲ.

ನಮ್ಮ ಭಾಷೆಯಲ್ಲಿ ಇನ್ನೂ ಒಂದು ಫಜೀತಿ ಇದೆ. ಆರ್ಕಿಟೆಕ್ಟ್ ಎಂಬುದಕ್ಕೆ ಕನ್ನಡದಲ್ಲಿ 'ವಾಸ್ತುಶಿಲ್ಪಿ' ಎಂದು ಬೋರ್ಡು ಹಾಕಿದರೆ, ಅಡುಗೆಮನೆಯನ್ನು ಆಗ್ನೇಯಕ್ಕೆ ಸರಿಸಲು ಬಂದವರು ಎಂದುಕೊಳ್ಳುತ್ತಾರೆ. ಅಂಥ ವಾಸ್ತು ಪಂಡಿತರಿಗೆ ಮಾತ್ರ ಯಾವ ರಿಜಿಸ್ಟರೂ ಇಲ್ಲ, ದಂಡವೂ ಇಲ್ಲ.

ಹೀಗೆಂದು ಕಾಯ್ದೆ ಬರೀ ಕೆಟ್ಟದ್ದು ಎಂದು ನಾನು ಹೇಳಲಾರೆ. ಮಾವನ ಎದುರು ಹೇಳಲು ಧೈರ್ಯವಿರಲಿಲ್ಲ, ಇಲ್ಲಿ ಹೇಳುತ್ತೇನೆ. 1972ಕ್ಕೆ ಮುಂಚೆ ಯಾರು ಬೇಕಾದರೂ ಆ ಬೋರ್ಡು ಹಾಕಬಹುದಿತ್ತು. ಮಾವನಂಥ ಕಸುಬುದಾರರು ಹಾಕಿದ ಹಾಗೆ ಏನೂ ಬಾರದವರೂ ಹಾಕುತ್ತಿದ್ದರು. ಮೋಸಹೋದ ಗಿರಾಕಿ ದೂರು ಕೊಡಲು ಒಂದು ಬಾಗಿಲಿರಲಿಲ್ಲ. ಈಗ ಕೌನ್ಸಿಲ್ ಇದೆ, ದೂರು ಕೇಳಿ ವಿಚಾರಣೆ ಮಾಡಿ ಹೆಸರು ತೆಗೆದುಹಾಕುವ ಅಧಿಕಾರವಿದೆ. 1989ರ ವೃತ್ತಿನಡತೆಯ ನಿಯಮಗಳಿವೆ. ಆರ್ಕಿಟೆಕ್ಟ್ ಜಾಹೀರಾತು ಕೊಡಕೂಡದು. ಕಟ್ಟಡದ ಮೇಲೆ ಹೆಸರು ಹಾಕಬಹುದು, ಆದರೆ ಅಕ್ಷರ ಹತ್ತು ಸೆಂಟಿಮೀಟರಿಗಿಂತ ಎತ್ತರ ಇರಕೂಡದು. ಮಾವನ ನೀಲಿ ಬೋರ್ಡಿನ ಅಕ್ಷರ ಒಂದೊಂದೂ ಅರ್ಧ ಅಡಿ ಇತ್ತು. ಐದು ವರ್ಷದ ಬಿ.ಆರ್ಕ್. ಓದಿನ ಮಟ್ಟ ಕಾಯುವ ಹೊಣೆಯೂ ಕೌನ್ಸಿಲ್ಲಿನದೇ. 2019ರಲ್ಲಿ ಸುಪ್ರೀಂ ಕೋರ್ಟು ಆರ್ಕಿಟೆಕ್ಚರ್ ಕಾಲೇಜುಗಳ ವಿಷಯದಲ್ಲಿ ಎಐಸಿಟಿಇಯ ಮಾತಿಗಿಂತ ಕೌನ್ಸಿಲ್ಲಿನ ಮಾತೇ ಮೇಲು ಎಂದಿತು. ಇವತ್ತು ರಿಜಿಸ್ಟರಿನಲ್ಲಿ ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ.

ನನಗೆ ಒಗ್ಗದ್ದು ಇನ್ನೊಂದು. 2014ರ ಜೂನ್ 28, ಶನಿವಾರ. ಸಂಜೆ ಜೋರು ಮಳೆ. ಪೋರೂರು ಹತ್ತಿರದ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಮಹಡಿಯ ಕಟ್ಟಡ ನಿಂತ ಜಾಗದಲ್ಲೇ ಕುಸಿಯಿತು. 61 ಜನ ಸತ್ತರು, ಅದರಲ್ಲಿ ಬಹಳ ಮಂದಿ ಆಂಧ್ರ, ಒಡಿಶಾದಿಂದ ಕೂಲಿಗೆ ಬಂದವರು. ಪೋರೂರಿನ ಐಟಿ ಪಾರ್ಕಿನಲ್ಲಿ ನನ್ನ ಟೀಮಿನ ಅರ್ಧ ಜನ ಕೆಲಸ ಮಾಡುತ್ತಿದ್ದರು. ಅಂಥದೇ ಫ್ಲ್ಯಾಟುಗಳಿಗೆ ಮುಂಗಡ ಕೊಟ್ಟವರಿದ್ದರು. ನಾನೂ ಆಗ ಪೆರುಂಗುಡಿಯಲ್ಲಿ ಮನೆಗೆ ಸಾಲ ಮಾಡಿದ್ದೆ. ಮಾರನೆಯ ದಿನ ಪ್ಲಾನಿನ ಪ್ರತಿ ಹಿಡಿದು ಮಾವನ ಹತ್ತಿರ ಓಡಿದೆ. ಅವರು ಆರ್ಕಿಟೆಕ್ಟನ ಸೀಲನ್ನು ನೋಡಲೇ ಇಲ್ಲ. "ಕಂಬದ ಲೆಕ್ಕ ಮಾಡಿದವರು ಯಾರು? ಮಣ್ಣು ಪರೀಕ್ಷೆ ಮಾಡಿದವರು ಯಾರು? ಅವರ ಹೆಸರು ಎಲ್ಲಿದೆ ತೋರಿಸು."

ದೇಶದಲ್ಲಿ ಆರ್ಕಿಟೆಕ್ಟ್ ಎಂಬ ಪದಕ್ಕೆ ಸಂಸತ್ತಿನ ಕಾಯ್ದೆಯ ಬೇಲಿ ಇದೆ. ಕಂಬದ ಲೆಕ್ಕ ಮಾಡುವ ಎಂಜಿನಿಯರನಿಗೆ ಅಂಥ ರಾಷ್ಟ್ರೀಯ ರಿಜಿಸ್ಟರೇ ಇಲ್ಲ. ನಾನು ಎಂಟೆಕ್, ನನ್ನ ಹೆಸರೂ ಯಾವ ರಿಜಿಸ್ಟರಿನಲ್ಲೂ ಇಲ್ಲ. ಕೆಟ್ಟ ವಿನ್ಯಾಸದ ಮನೆಯಲ್ಲಿ ಗಾಳಿ ಬೆಳಕು ಬರುವುದಿಲ್ಲ, ಬೆವರುತ್ತ ಬದುಕಬಹುದು. ಕಂಬ ತಪ್ಪಿದರೆ ಬದುಕುವ ಮಾತೇ ಇಲ್ಲ. 1983ರಲ್ಲಿ ಬೆಂಗಳೂರಿನ ಕಪಾಲಿ ಟಾಕೀಸ್ ಪಕ್ಕ ಗಂಗಾರಾಮ್ ಕಟ್ಟಡ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಿದ್ದನ್ನು ನಮ್ಮ ಹಿರಿಯರು ಮರೆತಿರಲಾರರು. ಮೌಲಿವಾಕ್ಕಂನ ಜೋಡಿ ಕಟ್ಟಡವನ್ನು 2016ರ ನವೆಂಬರ್ 2ರಂದು ಸ್ಫೋಟಕ ಇಟ್ಟು ಉರುಳಿಸಿದರು. 2019ರಲ್ಲಿ ತಮಿಳುನಾಡು ಸರ್ಕಾರ ತಂದ ಏಕೀಕೃತ ಕಟ್ಟಡ ನಿಯಮಗಳಲ್ಲಿ ಆರ್ಕಿಟೆಕ್ಟ್ ಜೊತೆಗೆ ಎಂಜಿನಿಯರ್, ಸ್ಟ್ರಕ್ಚರಲ್ ಎಂಜಿನಿಯರ್, ಮಣ್ಣಿನ ತಜ್ಞ, ಗುಣಮಟ್ಟ ಪರಿಶೀಲಕ ಎಲ್ಲರೂ ನೋಂದಾಯಿಸಿಕೊಂಡು ತಮ್ಮ ತಮ್ಮ ಹೊಣೆಗೆ ಸಹಿ ಹಾಕಬೇಕೆಂದು ಬಂದಿದೆ. ಮಾವ ಕೇಳಿದ ಪ್ರಶ್ನೆಗೆ ಉತ್ತರ ಈ ರಾಜ್ಯದಲ್ಲಿ ಕಾಗದದ ಮೇಲಾದರೂ ಇದೆ.

*

2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟಿನ ತೀರ್ಪೊಂದು ಬಂತು. ನೊಯಿಡಾ ಪ್ರಾಧಿಕಾರದಲ್ಲಿ ಆರ್ಕಿಟೆಕ್ಚರ್ ಪದವಿ ಇಲ್ಲದವರಿಗೂ 'ಅಸೋಸಿಯೇಟ್ ಆರ್ಕಿಟೆಕ್ಟ್' ಹುದ್ದೆಗೆ ಬಡ್ತಿ ಸಿಗುವುದರ ಬಗೆಗಿನ ತಕರಾರು ಅದು. ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರ ಪೀಠ ಎರಡು ಮಾತು ಹೇಳಿತು. ಒಂದು, 37ನೇ ಕಲಮು ತಡೆಯುವುದು ಬಿರುದಿನ ಬಳಕೆಯನ್ನು ಮಾತ್ರ. ನೋಂದಣಿ ಇಲ್ಲದವರು ಕಟ್ಟಡ ವಿನ್ಯಾಸದ ಕೆಲಸ ಮಾಡುವುದನ್ನು ಅದು ನಿಷೇಧಿಸುವುದಿಲ್ಲ. ಎರಡು, ಆರ್ಕಿಟೆಕ್ಟ್ ಎಂಬ ಪದವಿರುವ ಹುದ್ದೆಗೆ ಮಾನ್ಯವಾದ ಪದವಿ ಇಲ್ಲದವರನ್ನು ಕೂರಿಸುವಂತಿಲ್ಲ. 48 ವರ್ಷದ ಹಿಂದಿನ ಉದ್ದೇಶಗಳ ಹೇಳಿಕೆಯಲ್ಲಿದ್ದ ರಾಜಿಯನ್ನೇ ಕೋರ್ಟು ಮತ್ತೆ ಓದಿ ಹೇಳಿದ ಹಾಗಾಯಿತು.

ಅದರ ಮುಂದಿನ ವಾರವೇ ಲಾಕ್‌ಡೌನ್. ಪೆರುಂಗುಡಿಯಿಂದ ಪಶ್ಚಿಮ ಮಾಂಬಲ ಬೇರೆ ದೇಶವಾಗಿತ್ತು. ತೀರ್ಪಿನ ಪಿಡಿಎಫ್ ಇಳಿಸಿಕೊಂಡು ಫೋನಿನಲ್ಲಿ ಮಾವನಿಗೆ ಓದಿ ಕನ್ನಡದಲ್ಲಿ ಅರ್ಥ ಹೇಳಿದೆ. ಎಂಬತ್ತರ ಹತ್ತಿರ, ಕಿವಿ ಸ್ವಲ್ಪ ಮಂದ; ಎರಡು ಸಲ ಹೇಳಬೇಕಾಯಿತು.

"ಅಂದ್ರೆ ನಾನು ಮನೆ ಕಟ್ಟಿಸಿದ್ದು ತಪ್ಪಲ್ಲ. ಬೋರ್ಡು ಬರೆಸಿದ್ದು ತಪ್ಪು."

"ಹೌದು ಮಾವ. ಅದೂ ಕಾಯ್ದೆ ಬರೋಕೆ ಮುಂಚೆ ಬರೆಸಿದ್ದು. ತಪ್ಪಲ್ಲ."

"ಅದು ನಂಗೆ ಗೊತ್ತಿತ್ತು ಕಣೋ" ಎಂದು ಬೇರೆ ಮಾತಿಗೆ ಹೋದರು. ಹಾಲಿನವನು ಎರಡು ದಿನದಿಂದ ಬಂದಿರಲಿಲ್ಲ.

ಅವರು ತೀರಿಕೊಂಡದ್ದು 2022ರಲ್ಲಿ. ಸಾಮಾನು ಖಾಲಿ ಮಾಡುವಾಗ ಟ್ರೇಸಿಂಗ್ ಕಾಗದದ ಸುರುಳಿಗಳು ಎರಡು ಟ್ರಂಕು ತುಂಬ ಸಿಕ್ಕವು. ಒಂದೊಂದರ ಮೂಲೆಯಲ್ಲೂ ಗಿರಾಕಿಯ ಹೆಸರು, ಬೀದಿ, ತಾರೀಖು, ಅಡುಗೆ ಕಟ್ಟೆಯ ಎತ್ತರ. ಟಿ. ನಗರ, ಅಶೋಕ್ ನಗರ, ಕೆ.ಕೆ. ನಗರದ ಎಷ್ಟೋ ಮನೆಗಳು ಆಗಲೇ ಕೆಡವಿ ಫ್ಲ್ಯಾಟಾಗಿವೆ. ಉಳಿದವನ್ನು ರಜೆಯ ದಿನಗಳಲ್ಲಿ ಒಂದೊಂದಾಗಿ ಹುಡುಕಿ ಫೋಟೊ ತೆಗೆಯುತ್ತಿದ್ದೇನೆ. ಇದುವರೆಗೆ ಹದಿನೇಳು ಸಿಕ್ಕಿವೆ. ಎರಡು ಮನೆಗಳಲ್ಲಿ ಮೊದಲ ಯಜಮಾನರ ಮಕ್ಕಳೇ ಇದ್ದಾರೆ, ಕನ್ನಡ ಮಾತಾಡಿದರು, ಒಳಗೆ ಕರೆದು ಕಾಫಿ ಕೊಟ್ಟರು.

ಅರವತ್ತು, ಎಪ್ಪತ್ತರ ದಶಕದಲ್ಲಿ ಮದರಾಸಿನಲ್ಲಿ ಮನೆ ಕಟ್ಟಿಸಿದ ಕನ್ನಡದ ಕುಟುಂಬಗಳಲ್ಲಿ ಯಾರ ಹತ್ತಿರವಾದರೂ ಹಳೆಯ ಬ್ಲೂಪ್ರಿಂಟ್ ಇದ್ದರೆ, ಕೆಳಗಿನ ಮೂಲೆಯಲ್ಲಿ ಯಾರ ಸಹಿ ಇದೆ ಎಂದು ಒಮ್ಮೆ ನೋಡಿ ನನಗೆ ತಿಳಿಸಿ. ಸಹಿಯ ಪಕ್ಕದಲ್ಲಿ 'ಡ್ರಾನ್ ಬೈ' ಎಂದು ಸಣ್ಣದೊಂದು ಚೌಕ ಇರುತ್ತದೆ. ಅದನ್ನೂ ನೋಡಿ.